ಹೆಫ್ನಿಯ ಬೆನ್ನಿಗೊಂದು ಹೂಜಿ

"ಬಿಡು ಅತ್ತಿಗೆ, ಹೂಜಿ ಬಿಡು! ಜನ ನೋಡ್ತಿದಾರೆ!"

ಸತ್ತ ಹೆಫ್ನಿಯ ತಮ್ಮ ಬಗ್ದಾದಿ ಹೂಜಿಯ ಕುತ್ತಿಗೆ ಹಿಡಿದು ಎಳೆಯುತ್ತಿದ್ದ. ಬೆಳಗ್ಗೆಯಷ್ಟೇ ವಿಧವೆಯಾದ ನಬವಿಯ್ಯಾ ಅದರ ತಳ ಬಿಡಲೊಲ್ಲಳು. ಹೊರಗೆ ಹೆಣವಿಟ್ಟ ಜನಾಜಾ ಎತ್ತಲು ಗಂಡಸರು ಕಾಯುತ್ತಿದ್ದರು.

"ಒಂದೇ ಒಂದು ಒಡೀತೀನಿ. ಇಷ್ಟು ವರ್ಷ ಬಾಳಿದೀನಿ, ಅಷ್ಟೂ ಹಕ್ಕಿಲ್ವ ನಂಗೆ?"

"ಪೀಡೆ ತೊಲಗಿದ್ರೆ, ಮತ್ತೆ ಈ ಕಡೆ ತಲೆ ಹಾಕ್ದಿರಲಿ ಅಂತ ಬೆನ್ನಿಗೆ ಒಡೆಯೋದು ಅದು! ಕಟ್ಕೊಂಡ ಗಂಡನ ಹೆಣದ ಹಿಂದೆ ಯಾರಾದ್ರೂ ಒಡೀತಾರಾ?"

"ನಾನು ಒಡೀತೀನಿ."

ಬಗ್ದಾದಿ ಕಿತ್ತುಕೊಂಡ. ಮನೆಯ ಹೂಜಿಗಳನ್ನೆಲ್ಲ ಕೋಣೆಗೆ ತುಂಬಿ ಬೀಗ ಜಡಿದ. ಅಣ್ಣನ ಮರ್ಯಾದೆ ಉಳಿಸಿದನಂತೆ! ಇದ್ದರಲ್ಲವೇ ಉಳಿಸುವುದಕ್ಕೆ.

*

ನೈಲ್ ನದಿಯ ಪಡುವಣ ದಡದ ಆ ಊರಿನಲ್ಲಿ ಹೆಫ್ನಿ ಉತ್ಖನನದ ಉಗ್ರಾಣ ನೋಡಿಕೊಳ್ಳುತ್ತಿದ್ದ; ಅಗೆದಾಗ ಸಿಕ್ಕ ಚೂರುಚೂರಿಗೂ ನಂಬರ್ ಬರೆದಿಡುವುದು ಅವನ ಕೆಲಸ. ಶುದ್ಧ ಜಂಬದ ಕೋಳಿ. ಫೇರೋಗಳ ಕಾಲದ ಮಡಕೆ ಚೂರು ಮೂಸಿ, ಇದರಲ್ಲಿ ಬಿಯರ್ ಇತ್ತು, ಇದರಲ್ಲಿ ಒಣಮೀನು ಎನ್ನುತ್ತಿದ್ದ. ಸಾವಿರಾರು ವರ್ಷದ ಹಿಂದೆ ಯಾರು ಏನು ಉಂಡರೆಂದು ಬಲ್ಲವನಿಗೆ, ಪಕ್ಕದಲ್ಲಿ ಮಲಗಿದವಳು ಉಂಡಿದ್ದಾಳೋ ಇಲ್ಲವೋ ಒಂದು ದಿನವೂ ತಿಳಿಯಲಿಲ್ಲ. ಥೂ!

ಒಂದು ಚಳಿಗಾಲ, ಗೋರಿಯೊಂದರ ಬಾಯಲ್ಲಿ ಒಡೆದ ಕೆಂಪು ಮಡಕೆಗಳ ರಾಶಿ ಸಿಕ್ಕಿತು. ಹೆಫ್ನಿ ಉತ್ಖನನ ನಡೆಸುತ್ತಿದ್ದ ವಿದೇಶಿ ಮೇಡಂಗೆ ಪಾಠ ಶುರುಮಾಡಿದ: "ಹೆಣ ಒಳಗಿಟ್ಟು ಬಂದು ಒಡೀತಿದ್ರು ಮೇಡಂ. ಗೌರವ, ಗೌರವ!"

ಟೀ ತಂದಿದ್ದ ನಬವಿಯ್ಯಾ ಸುಮ್ಮನಿರಬಾರದೇ? "ಗೌರವವೋ, ಪೀಡೆ ತೊಲಗಿತು ಅಂತಲೋ? ನಾವಂತೂ ಅದಕ್ಕೇ ಒಡೆಯೋದು" ಎಂದುಬಿಟ್ಟಳು. ಮೇಡಂ ನಕ್ಕಳು. ಅದೇ ತಪ್ಪಾಯಿತು.

"ಕುಂಬಾರನ ಮಗಳು ಚರಿತ್ರೆ ಹೇಳೋಕೆ ಬಂದ್ಲು!"

ಆ ಸಂಜೆ ಅವನು ಮಾವ ಮಾಡಿಕೊಟ್ಟಿದ್ದ ಹೂಜಿಗಳನ್ನೆಲ್ಲ ಮಾಳಿಗೆಯಿಂದ ಕೆಳಗೆಸೆದ. ಮಾವ ಅದೇ ವರ್ಷ ತೀರಿಕೊಂಡಿದ್ದ. ಆ ಮುದುಕ ಕೈಯಾರೆ ಮಾಡಿದವು ಬೇರೆ ಉಳಿದಿರಲಿಲ್ಲ. ನಬವಿಯ್ಯಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಮಡಿಲಿಗೆ ಆಯ್ದುಕೊಂಡಳು. ಮೇಲಿಂದ ಹೆಫ್ನಿ ಬಗ್ಗಿ ನೋಡಿ ನಗುತ್ತಿದ್ದ.

"ಇದಕ್ಕೂ ನಂಬರ್ ಬರೀತೀಯೇನೇ?"

*

ಜನಾಜಾ ಎದ್ದಿತು. ಬಗ್ದಾದಿ ಹಿಂದಿನಿಂದ ಹೆಗಲು ಕೊಟ್ಟ. ಹೊಸ್ತಿಲಲ್ಲಿ ನಿಂತ ನಬವಿಯ್ಯಾ ತನ್ನ ಬರಿಗೈ ನೋಡಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಪಾಪ, ಗಂಡನ ಮೇಲೆ ಎಷ್ಟು ಪ್ರೀತಿ!" ಎಂದ ಒಬ್ಬ ಮುದುಕ.

ಪಕ್ಕದ ಮನೆಯ ಉಮ್ ಸನೂಸಿ ಒಳಗೋಡಿ ತನ್ನ ಹೂಜಿ ತಂದಳು. "ಆ ಮೂಳಂಗೆ ಕಣ್ಣೀರು ಬೇರೆ ಕೇಡು! ತಗೊಳ್ಳೇ."

ನಬವಿಯ್ಯಾ ಮೊದಲು ಗಟಗಟನೆ ನೀರು ಕುಡಿದಳು. ಬಾಯಿ ಒರೆಸಿಕೊಂಡಳು. ಆಮೇಲೆ ಓಣಿಯ ನಡುವೆ ನಿಂತು, ಎರಡೂ ಕೈಯಲ್ಲಿ ಎತ್ತಿ ಅಪ್ಪಳಿಸಿದಳು.

ಸದ್ದು ಕೇಳಿ ಬಗ್ದಾದಿಯ ಕಿವಿ ಕೆಂಪಾದವು. ಹೆಗಲ ಮೇಲೆ ಅಣ್ಣ, ತಿರುಗುವಂತಿಲ್ಲ. "ಬೇಗ ನಡೀರಿ, ಬೇಗ" ಎಂದು ಹಲ್ಲು ಕಡಿದ.

ಓಣಿಯ ತಿರುವಿನಲ್ಲಿ ಅವನದೇ ಮನೆ. ಬಾಗಿಲಲ್ಲಿ ಅವನ ಹೆಂಡತಿ ಸನಿಯ್ಯಾ ಹೂಜಿ ಹಿಡಿದು ನಿಂತಿದ್ದಳು. ಕಣ್ಣಲ್ಲೇ ಗದರಿಸಿದ. ಅವಳು ಕದಲಲಿಲ್ಲ. ಜನಾಜಾ ದಾಟಲಿ, ಹೊತ್ತ ಗಂಡನೂ ದಾಟಲಿ ಎಂದು ಕಾದಳು.

ಇಬ್ಬರೂ ದಾಟಿದ ಮೇಲೆ, ಹೂಜಿಯನ್ನು ತಲೆಗಿಂತ ಮೇಲೆತ್ತಿದಳು.