ಚಿಕ್ಕತಾಯಮ್ಮನ ಹೆಬ್ಬೆಟ್ಟು

೧

ಇದನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗಿನ್ನೂ ಗೊತ್ತಾಗಿಲ್ಲ. ಗೊತ್ತಾಗುವವರೆಗೆ ಕಾಯಿರಿ ಎಂದರೆ ನೀವು ಪುಟ ಮಗುಚಿಬಿಡುತ್ತೀರಿ. ಹಾಗಾಗಿ ಹರಿದು ಹಾಕಿದ ಮೊದಲ ಕರಡನ್ನೇ ತೋರಿಸುತ್ತೇನೆ.

'ಒತ್ತಡದ ಬದುಕಿಗೆ ಒಂದು ಪೆನ್ನು, ಒಂದು ಹಾಳೆ ಸಾಕು. ಒಂದೇ ಗೆರೆಯನ್ನು ಮತ್ತೆ ಮತ್ತೆ ಎಳೆಯುತ್ತ ಹೋದರೆ ಮನಸ್ಸು ತಿಳಿಯಾಗುತ್ತದೆ. ಗುಂಡ್ಲುಪೇಟೆಯ ಭವ್ಯ ಅವರನ್ನೇ ನೋಡಿ...'

ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಬರೆಯುತ್ತಿದ್ದ ಲೇಖನ. ಆರುನೂರು ಪದ, ಎರಡು ಫೋಟೋ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮುಗಿಸುವ ಮೊದಲೇ ಭವ್ಯ ಫೋನ್ ಮಾಡಿ, "ಸರ್, ಅದನ್ನ ಕಳಿಸ್ಬೇಡಿ" ಅಂದಳು. ಅವಳ ದನಿ ಕೇಳಿದ ಮೇಲೆ ಯಾಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

೨

(ಮತ್ತೆ ಶುರು.)

ಭವ್ಯ ನಮ್ಮೂರಿನ ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೂವತ್ತನಾಲ್ಕು ವರ್ಷ. ಮೂರು ತಿಂಗಳಿಗೊಮ್ಮೆ ನನ್ನ ಸಕ್ಕರೆ ಎಷ್ಟು ಏರಿದೆಯೆಂದು ಹೇಳುವವಳು ಅವಳೇ. ಗಂಡ ಸುಧಾಕರ್ ತೆರಕಣಾಂಬಿಯಲ್ಲಿ ಗಣಿತದ ಮೇಷ್ಟ್ರು. ಅವಳಿಗೆ ಆರು ವರ್ಷವಿದ್ದಾಗ ತಾಯಿ ಚಿಕ್ಕತಾಯಮ್ಮ ಗಂಡನೊಡನೆ ಜಗಳವಾಡಿ ತವರು ಪುಣಜನೂರಿಗೆ ಹೋದವಳು ಮತ್ತೆ ಬರಲಿಲ್ಲವಂತೆ. ಭವ್ಯಳನ್ನು ಬೆಳೆಸಿದ್ದು ತಂದೆಯ ಅಕ್ಕ, ಕುದೇರಿನ ಪುಟ್ಟಸಿದ್ದಮ್ಮ. ಮಕ್ಕಳಿಲ್ಲದ ವಿಧವೆ. ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಲ್ಯಾಬ್ ಕೋರ್ಸಿಗೆ ಸೇರಿಸಲು ತಮ್ಮನ ಜೊತೆ ಜಗಳಕ್ಕೆ ನಿಂತದ್ದು, ಎಲ್ಲ ಅವಳೇ.

ತಂದೆ ಗುರುಮಲ್ಲಯ್ಯ ಹೋದ ವರ್ಷ ತೀರಿಕೊಂಡರು. ಆಮೇಲೆ ಭವ್ಯಳಿಗೆ ಎದೆ ಬಡಿದುಕೊಳ್ಳುವ ತೊಂದರೆ ಶುರುವಾಯಿತು. ಡಾಕ್ಟರಿಗೆ ಕಾಯಿಲೆ ಸಿಗಲಿಲ್ಲ. ಯಾವುದಾದರೂ ಹವ್ಯಾಸ ಮಾಡಿಕೊಳ್ಳಿ ಎಂದರಂತೆ. ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, ಅಂಗೈಯಗಲದ ಕಾಗದದ ಮೇಲೆ ಚುಕ್ಕಿ, ಅಲೆ, ಮೀನಿನ ಹುರುಪೆಯಂಥ ಆಕಾರಗಳನ್ನು ಸಾಲುಸಾಲಾಗಿ ತುಂಬಿಸುವುದು ಕಲಿತಳು. ರಬ್ಬರ್ ಮುಟ್ಟುವಂತಿಲ್ಲ. ಒಂದು ಗೆರೆ ಮುಗಿಯದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಎದೆಬಡಿತ ಇಳಿಯಿತು.

ವಿಡಿಯೋದ ಚಿತ್ರಗಳು ಬೇಸರವಾದಾಗ ಅವಳಿಗೆ ಲ್ಯಾಬಿನ ಸ್ಟಾಂಪ್ ಪ್ಯಾಡ್ ಕಣ್ಣಿಗೆ ಬಿತ್ತು. ತನ್ನ ಹೆಬ್ಬೆಟ್ಟು ಒತ್ತಿ, ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡುತ್ತ, ನಡುವಿನ ಸುಳಿಯಿಂದ ಹೊರಕ್ಕೆ ಒಂದೊಂದೇ ಗೆರೆ ಬರೆದಳು. ಹಾಳೆ ತುಂಬುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಆಮೇಲೆ ಸುಧಾಕರನದು. ಆಮೇಲೆ ನನ್ನದು. ("ನಿಮ್ದು ಸಲೀಸು ಸರ್, ತಿರುವೇ ಇಲ್ಲ" ಅಂದಳು. ನನ್ನ ಕಥೆಗಳ ಬಗ್ಗೆಯೂ ಇದೇ ಮಾತು ಕೇಳಿದ್ದೇನೆ.)

ಅವಳಿಗೆ ತುಂಬ ಇಷ್ಟವಾದದ್ದು ಅತ್ತೆ ಪುಟ್ಟಸಿದ್ದಮ್ಮನ ಹೆಬ್ಬೆಟ್ಟು. ನಡುವಿನಿಂದ ಏಳನೆಯ ಗೆರೆಯ ಮೇಲೆ ಕುಡುಗೋಲಿನ ಹಳೇ ಗಾಯ ಅಡ್ಡ ಹಾದುಹೋಗಿದೆ. ಅದರ ಕೆಳಗೆ ಒಂದು ಗೆರೆ ಕವಲೊಡೆದು, ಎಳ್ಳಿನಷ್ಟು ಜಾಗ ಬಿಟ್ಟು, ಮತ್ತೆ ಕೂಡಿಕೊಳ್ಳುತ್ತದೆ. ಅದನ್ನು ಅವಳು ಆರು ಸಲ ಬರೆದಳು. ಒಂದನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತಗುಲಿಸಿದಳು.

೩

ಈಗ ನಿಜವಾದ ಕಥೆ, ಕೆಲವು ದಿನ ಬಿಟ್ಟು ಭವ್ಯಳೇ ಹೇಳಿ, ತನಗೆ ತೋರಿಸಿ ಬರೆಯಬಹುದು ಎಂದದ್ದು. ಲೇಖನಕ್ಕೆ ಬೇಕಾದ್ದು ಇಲ್ಲಿಗೇ ಮುಗಿದಿತ್ತು. ನಾನೂ ಇಲ್ಲಿಗೇ ನಿಲ್ಲಿಸಿದ್ದರೆ ಎಲ್ಲರಿಗೂ ಕ್ಷೇಮವಾಗಿರುತ್ತಿತ್ತೇನೋ.

ಹದಿನಾಲ್ಕನೆಯ ವಯಸ್ಸಿನಲ್ಲಿ ಭವ್ಯ ಒಮ್ಮೆ ಅಮ್ಮ ಎಲ್ಲಿದ್ದಾಳೆಂದು ಕೇಳಿದಾಗ ಗುರುಮಲ್ಲಯ್ಯ ಪೆಟ್ಟಿಗೆಯಿಂದ ಒಂದು ಪತ್ರ ತೆಗೆದು ಅವಳ ಮುಂದಿಟ್ಟಿದ್ದರು. ಛಾಪಾಕಾಗದದ ಮೇಲೆ ಬರೆದದ್ದು. 'ನನ್ನ ಮಗಳ ಮೇಲೆ ನನಗೆ ಯಾವ ಹಕ್ಕೂ ಬೇಡ, ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ.' ಕೆಳಗೆ, ಚಿಕ್ಕತಾಯಮ್ಮ ಎಂಬ ಹೆಸರು, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟಿನ ಗುರುತು. ಭವ್ಯ ಮತ್ತೆಂದೂ ಕೇಳಲಿಲ್ಲ.

ಕಳೆದ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ, ತಂದೆಯ ಕಾಗದಗಳ ನಡುವೆ ಆ ಪತ್ರ ಮತ್ತೆ ಸಿಕ್ಕಿತು. ಅಮ್ಮನದು ಅಂತ ತನ್ನ ಹತ್ತಿರ ಇರುವುದು ಇದೊಂದು ಗುರುತು ಮಾತ್ರ ಎಂದು ಅವಳಿಗೆ ಅನಿಸಿತಂತೆ. ಬರೆಯುತ್ತ ಕೂತರೆ ಇಷ್ಟು ವರ್ಷದ ಸಿಟ್ಟಾದರೂ ಇಳಿಯಬಹುದು ಎಂದುಕೊಂಡು ಹಾಳೆ ತೆಗೆದಳು.

ನಡುವಿನ ಸುಳಿ ಮುಗಿಯಿತು. ಎರಡನೆಯ ಗೆರೆ, ಮೂರನೆಯದು. ಕೈ ಸರಾಗವಾಗಿ ಓಡುತ್ತಿತ್ತು. ಏಳನೆಯ ಗೆರೆಯ ಅರ್ಧಕ್ಕೆ ಬಂದಾಗ, ಅವಳು ಪತ್ರದ ಕಡೆ ನೋಡುವ ಮೊದಲೇ, ಪೆನ್ನು ಹಾಳೆಯಿಂದ ಮೇಲಕ್ಕೆದ್ದಿತು. ಅಲ್ಲಿ ಗಾಯವಿದೆ ಎಂದು ಕೈಗೆ ಗೊತ್ತಿತ್ತು.

ಆಮೇಲೆ ಅವಳು ಪತ್ರ ನೋಡಿದಳು. ಗಾಯ ಅಲ್ಲೇ ಇತ್ತು. ಕೆಳಗೆ ಕವಲು ಇತ್ತು. ಎಳ್ಳಿನಷ್ಟು ಜಾಗವೂ ಇತ್ತು.

(ಇಲ್ಲಿ ನಾನು 'ಸಿಡಿಲು ಬಡಿದಂತಾಯಿತು' ಎಂದು ಬರೆದಿದ್ದೆ. ಕರಡು ಓದಿದ ಭವ್ಯ ಅದನ್ನು ಹೊಡೆದುಹಾಕಿದಳು. "ಸಿಡಿಲೂ ಇಲ್ಲ, ಏನೂ ಇಲ್ಲ ಸರ್. ಪೆನ್ನಿಗೆ ಮುಚ್ಚಳ ಹಾಕ್ದೆ. ಅನ್ನಕ್ಕಿಟ್ಟೆ. ಅದು ತಳ ಹತ್ತಿ ಹೊಗೆ ಬರೋ ತನಕ ಒಲೆ ಮುಂದೇನೆ ನಿಂತಿದ್ದೆ.")

ಹೊಗೆ ನೋಡಿ ಓಡಿಬಂದ ಸುಧಾಕರ್ ಒಲೆ ಆರಿಸಿದ. ಅವಳು ಪತ್ರ ತೋರಿಸಿದಳು. ಅವನು ಗೋಡೆಯ ಚಿತ್ರ ಇಳಿಸಿ, ಪಕ್ಕಪಕ್ಕ ಇಟ್ಟು, ಮಕ್ಕಳ ಉತ್ತರಪತ್ರಿಕೆ ತಿದ್ದುವವನ ಹಾಗೆ ಒಂದೊಂದೇ ಗೆರೆ ಎಣಿಸಿದ. ಎರಡು ಸಲ ಎಣಿಸಿದ. ಎರಡು ಸಲವೂ ಲೆಕ್ಕ ಒಂದೇ ಬಂತು.

೪

ಮರುದಿನ ಕುದೇರಿನಲ್ಲಿ ನಡೆದದ್ದನ್ನು ನಾನು ಎರಡು ಸಲ ತಪ್ಪಾಗಿ ಬರೆದೆ. ಒಂದರಲ್ಲಿ ಪುಟ್ಟಸಿದ್ದಮ್ಮ ಕಾಲಿಗೆ ಬಿದ್ದು ಅತ್ತಳು. ಇನ್ನೊಂದರಲ್ಲಿ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಎರಡನ್ನೂ ಓದಿ ಭವ್ಯ, "ನಿಮಗೆ ಅತ್ತೆ ಗೊತ್ತಿಲ್ಲ ಬಿಡಿ" ಅಂದಳು. ಅವಳು ಹೇಳಿದಂತೆಯೇ ಬರೆಯುತ್ತೇನೆ.

ಅತ್ತೆ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಭವ್ಯ ಪತ್ರವನ್ನೂ ಚಿತ್ರವನ್ನೂ ಅವಳ ಮುಂದಿಟ್ಟಳು. ಪುಟ್ಟಸಿದ್ದಮ್ಮನಿಗೆ ಓದು ಬಾರದು. ಆದರೆ ಇದನ್ನು ಓದಬೇಕಾಗಿರಲಿಲ್ಲ. ಕೈಯಲ್ಲಿದ್ದ ಕಾಯನ್ನು ಬಿಡಿಸಿ ಮುಗಿಸಿ, ಕಾಳನ್ನು ಮೊರಕ್ಕೆ ಹಾಕಿ, ಹೇಳಿದಳು.

"ನಿಮ್ಮವ್ವ ಒತ್ತಾಕಿಲ್ಲ ಅಂದ್ಬುಟ್ಲು. ನಿಮ್ಮಪ್ಪ ಕಾಗ್ದ ತಂದು ನನ್ ಮುಂದ್ ಮಡಗ್ದ. ನೀನು ನನ್ ತೊಡೆ ಮ್ಯಾಲೆ ಮಲ್ಗಿದ್ದೆ ಕಣವ್ವ. ಒತ್ಬುಟ್ಟೆ."

ಚಿಕ್ಕತಾಯಮ್ಮ ಮಗಳನ್ನು ಕರೆದೊಯ್ಯಲು ಮೂರು ಸಲ ಬಂದಿದ್ದಳಂತೆ. ಮೂರು ಸಲವೂ ಗುರುಮಲ್ಲಯ್ಯ ಆ ಪತ್ರ ತೋರಿಸಿ, ಪೊಲೀಸರಿಗೆ ಕೊಡುತ್ತೇನೆಂದು ಹೆದರಿಸಿ ಕಳಿಸಿದರಂತೆ. ಓದು ಬಾರದ ಹೆಂಗಸು, ತಾನು ಒತ್ತದ ಹೆಬ್ಬೆಟ್ಟನ್ನು ನೋಡಿ ಏನು ಹೇಳಿಯಾಳು? ಕೊನೆಯ ಸಲ ಅವಳು ಬೀದಿಯಲ್ಲೇ ಕೂತುಬಿಟ್ಟಾಗ ಪುಟ್ಟಸಿದ್ದಮ್ಮನೇ ಹೊರಗೆ ಬಂದು, ನಿನ್ನ ಮಗಳೇ ನಿನ್ನನ್ನು ನೋಡುವುದಿಲ್ಲ ಅನ್ನುತ್ತಾಳೆ ಎಂದಳಂತೆ. ಅದಾದ ಮೇಲೆ ಚಿಕ್ಕತಾಯಮ್ಮ ಬರಲಿಲ್ಲ.

ಆಗ ತಾನೆಲ್ಲಿದ್ದೆ ಎಂದು ಭವ್ಯ ಕೇಳಿದಳು.

ನಿಮ್ಮವ್ವ ಬಂದಾಗಲೆಲ್ಲ ಹಿತ್ತಿಲ ಬಾಗಿಲಿಂದ ನಿನ್ನನ್ನು ಎತ್ತಿಕೊಂಡು ಕಬ್ಬಿನ ಗದ್ದೆಗೆ ಓಡುತ್ತಿದ್ದೆ ಎಂದಳು ಪುಟ್ಟಸಿದ್ದಮ್ಮ. ಸದ್ದು ಮಾಡಬಾರದೆಂದು ಬಾಯಿಗೆ ಬೆಲ್ಲ ಹಾಕುತ್ತಿದ್ದಳಂತೆ. ಕೊನೆಯ ಸಲ ಮಾತ್ರ ಅಲ್ಲೇ ಕೂರಿಸಿ ತಾನೊಬ್ಬಳೇ ಮನೆಗೆ ಬಂದಿದ್ದಳಂತೆ.

ಭವ್ಯ ನನಗೆ ಇದನ್ನು ಹೇಳುವಾಗ ಮೊದಲ ಸಲ ತಡವರಿಸಿದಳು. ಕಬ್ಬಿನ ಗದ್ದೆ ಅವಳಿಗೆ ಚೆನ್ನಾಗಿ ನೆನಪಿದೆ. ಬಾಲ್ಯದಲ್ಲಿ ತುಂಬ ಖುಷಿಯಾಗಿದ್ದದ್ದು ಯಾವಾಗ ಎಂದು ಸುಧಾಕರ್ ಕೇಳಿದಾಗಲೆಲ್ಲ ಅವಳು ಹೇಳುತ್ತಿದ್ದದ್ದು ಅದನ್ನೇ, ಅತ್ತೆ ತನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡುತ್ತಿದ್ದ ಆಟ.

"ಅದು ಆಟ ಅಲ್ವಾ ಅತ್ತೆ?"

"ಅಲ್ಲ ಕಣವ್ವ."

೫

ಇನ್ನು ಕೊನೆ. ನನ್ನ ಹತ್ತಿರ ಒಂದಲ್ಲ, ಎರಡು ಇದ್ದವು.

ಮೊದಲನೆಯದರಲ್ಲಿ ಚಿಕ್ಕತಾಯಮ್ಮ ನಾಲ್ಕು ವರ್ಷದ ಹಿಂದೆಯೇ ತೀರಿಕೊಂಡಿರುತ್ತಾಳೆ. ನನ್ನಂಥವರಿಗೆ ಇದು ಅನುಕೂಲ, ಸತ್ತವರು ಮಾತಾಡುವುದಿಲ್ಲ. ಎರಡನೆಯದರಲ್ಲಿ ತಾಯಿಮಗಳು ತಬ್ಬಿಕೊಳ್ಳುತ್ತಾರೆ. ಭವ್ಯ ಮೊದಲನೆಯದಕ್ಕೆ ಸಿಟ್ಟಾದಳು. ಎರಡನೆಯದಕ್ಕೆ ಇನ್ನೂ ಹೆಚ್ಚು ಸಿಟ್ಟಾದಳು.

"ಇಪ್ಪತ್ತೆಂಟು ವರ್ಷ ಅವರನ್ನ ಬೈಕೊಂಡಿದೀನಿ ಸರ್. ಹೋಗಿ ತಬ್ಕೊಂಬಿಡ್ಲಾ?"

ನಡೆದದ್ದು ಹೀಗೆ. ಅವಳು ಸುಧಾಕರನ ಜೊತೆ ಪುಣಜನೂರಿಗೆ ಹೋಗಿ ಸೋದರಮಾವ ಚಿಕ್ಕಯ್ಯನ ಮನೆ ಹುಡುಕಿದಳು. ಚಿಕ್ಕಯ್ಯ ಬಾಗಿಲಲ್ಲಿ ಅವಳ ಮುಖ ನೋಡಿದವನೇ ಒಳಗೆ ತಿರುಗಿ, ಅಕ್ಕನ ಮಗಳು ಬಂದವಳೆ ಎಂದು ಹೆಂಡತಿಗೆ ಹೇಳಿದ. ಯಾರು ಎಂದು ಕೇಳಲೇ ಇಲ್ಲ. ಚಿಕ್ಕತಾಯಮ್ಮ ಬದುಕಿದ್ದಾಳೆ, ಗಡಿಯಾಚೆ ತಾಳವಾಡಿಯಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಾಳೆ ಎಂದ. ಫೋನ್ ಹಚ್ಚಿ ಭವ್ಯಳ ಕೈಗೆ ಕೊಟ್ಟ. ಅತ್ತಲಿಂದ "ಯಾರ್ ಪೇಸೋದು?" ಎಂದು, ಯಾರು ಮಾತಾಡುತ್ತಿರುವುದೆಂದು ಅರ್ಧ ತಮಿಳಿನಲ್ಲಿ ಕೇಳುವ ದನಿ ಬಂತು. ಭವ್ಯ ಫೋನನ್ನು ಮಾವನಿಗೆ ವಾಪಸು ಕೊಟ್ಟು, ಗುರುವಾರ ಬರುತ್ತೇನೆಂದು ಹೇಳಿಸಿದಳು.

ಗುರುವಾರ ಬೆಳಿಗ್ಗೆ ಒಬ್ಬಳೇ ಚಾಮರಾಜನಗರದ ಬಸ್ ನಿಲ್ದಾಣಕ್ಕೆ ಬಂದಳು. ತಾಳವಾಡಿ ಬಸ್ಸಿನ ಪಕ್ಕ, ಒಗೆದ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಪುಟ್ಟಸಿದ್ದಮ್ಮ ನಿಂತಿದ್ದಳು. ಗುರುವಾರದ ವಿಷಯ ಸುಧಾಕರ್ ಹೇಳಿದ್ದನಂತೆ. ಕುದೇರಿನ ಮೊದಲ ಬಸ್ಸಿಗೇ ಬಂದಿದ್ದಳು. ಜಗುಲಿಯ ಮೇಲಿನ ಆ ಮಾತಿನ ನಂತರ ಇಬ್ಬರೂ ಮಾತಾಡಿರಲಿಲ್ಲ.

"ನೀನ್ ನೋಡಾಕಿಲ್ಲ ಅಂದೆ ಅಂತ ಅವ್ಳಿಗ್ ಏಳ್ದೋಳು ನಾನು" ಅಂದಳು ಪುಟ್ಟಸಿದ್ದಮ್ಮ. "ಸುಳ್ಳು ಅಂತ ನಾನೇ ಏಳ್ಬೇಕು. ಅವ್ಳು ಒಡುದ್ರೆ ಒಡ್ಸ್ಕತಿನಿ. ಕರ್ಕೊಂಡೋಗು ಇಲ್ಲ ಬುಡು, ನಿನ್ನಿಷ್ಟ."

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಭವ್ಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಕಂಡಕ್ಟರ್ ಟಿಕೆಟ್ ಮೆಷಿನ್ ಹಿಡಿದು, ಎಷ್ಟು ಜನ ಎಂದು ಕೇಳಿದ.

ಅವಳು ಏನು ಹೇಳಿದಳೆಂದು ನನಗೆ ಗೊತ್ತು. ಅದನ್ನು ಒಂದೂವರೆ ಪುಟ ಬರೆದೂ ಇದ್ದೆ. ನಿನ್ನೆ ಅದನ್ನು ಓದಿದ ಭವ್ಯ, ಚೆನ್ನಾಗಿದೆ ಸರ್ ಎಂದು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ವಾಪಸು ಕೇಳಿದೆ. ಕೊಡಲಿಲ್ಲ. "ಅದು ನಮ್ಮ ಮೂವರದು" ಅಂದಳು.

ಹಾಗಾಗಿ ನನ್ನ ಹತ್ತಿರ ಉಳಿದಿರುವುದು ಇಷ್ಟೇ: ಹೊರಡಲು ಸಿದ್ಧವಾಗಿ ನಿಂತ ಬಸ್ಸು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಕ್ಕೆ ತಿರುಗಿರುವ ಭವ್ಯ, ಕೆಳಗೆ ಚೀಲ ಹಿಡಿದು ತಲೆ ತಗ್ಗಿಸದೆ ನಿಂತಿರುವ ಪುಟ್ಟಸಿದ್ದಮ್ಮ, ಮತ್ತು ಎರಡನೆಯ ಸಲ ಕೇಳುತ್ತಿರುವ ಕಂಡಕ್ಟರ್:

"ಎಷ್ಟ್ ಜನ ಅಂತ ಬೇಗ ಏಳಮ್ಮ."