ಐಸಿನ ಮೇಲೆ ಹಾಕಿದ ತಪ್ಪು

ಕೋಟೇಶ್ವರದ ಮೀನು ಮಾರ್ಕೆಟ್ಟಿನಲ್ಲಿ ಸಾಲಾಗಿ ಕೂತು ಮೀನು ಮಾರುವ ಹೆಂಗಸರಲ್ಲಿ ಯಾರ ಕಾಲು ಜೋಮು ಹಿಡಿದರೂ ಕಾರಣ ಒಂದೇ, ಐಸು. ಐಸು ಕರಗಿದ ನೀರಲ್ಲಿ ಹೊತ್ತಿಡೀ ಕಾಲಿಟ್ಟರೆ ಮರಗಟ್ಟದೆ ಇನ್ನೇನಾಗುತ್ತದೆ? ಇಪ್ಪತ್ತೆರಡು ವರ್ಷ ಅಲ್ಲೇ ಬಂಗುಡೆ ಮಾರಿದ ವನಜಳೂ ಹಾಗೇ ನಂಬಿದ್ದಳು. ಐಸಿನ ಮೇಲೆ ತಪ್ಪು ಹಾಕುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ನೆರೆಮನೆಯ ಸರಸ ಆಶಾ ಕಾರ್ಯಕರ್ತೆ. ಎರಡು ವರ್ಷದ ಹಿಂದೆ ಅವಳೇ ವನಜಳನ್ನು ಆರೋಗ್ಯ ಶಿಬಿರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಳು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು.

"ವನಜಕ್ಕ, ಗುಳಿಗಿ ತಪ್ಪಿಸ್ಬೇಡ. ಚಾಯಕ್ಕೆ ಸಕ್ಕರೆ ಬೇಡ. ಅನ್ನ ಕಮ್ಮಿ ಮಾಡ್, ತರಕಾರಿ ಜಾಸ್ತಿ ತಿನ್ನ್. ದಿನಾ ಅರ್ಧ ಗಂಟಿ ನಡಿ. ಸಂಜಿಗೆ ಕಾಲ್ ತೊಳ್ದ್ ಪಾದದ ಅಡಿ ಕಾಣ್" ಎಂದಳು ಸರಸ.

"ಅಡಿ ಕಾಂಬುಕೆ ಅಲ್ಲೆಂತ ಚಿನ್ನ ಇತ್ತಾ?" ವನಜ ನಕ್ಕಳು. "ಸಕ್ಕರೆ ಕಾಯ್ಲೆ ಎಲ್ಲ ಕೂತ್ ತಿಂಬೋರಿಗೆ ಮಾರಾಯ್ತಿ. ನಾನ್ ಮೀನ್ ಬುಟ್ಟಿ ಹೊರುವವಳ್."

"ಹೊರ್ತಿದ್ದೆ ನೀನ್, ಹಿಂದೆ. ಈಗ್ಳ್ ಮೀನ್ ಟೆಂಪೊ ಮೇಲ್ ಬತ್ತ್. ನೀನ್ ಬೆಳಿಗ್ಗಿಂದ ಸ್ಟೂಲ್ ಬಿಟ್ಟ್ ಏಳುದಿಲ್ಲ."

ಮಾತು ಸತ್ಯವಾಗಿತ್ತು, ಅದಕ್ಕೇ ವನಜಳಿಗೆ ಸಿಟ್ಟು ಬಂತು. ಗುಳಿಗೆಯನ್ನು ಒಂದು ತಿಂಗಳು ನುಂಗಿದಳು. ಮೈ ಹಗುರಾದದ್ದೇ ತಡ, ಕಾಯಿಲೆ ಹೋಯಿತೆಂದು ಬಿಟ್ಟುಬಿಟ್ಟಳು. ಮಾರ್ಕೆಟ್ಟಿನಲ್ಲಿ ದಿನಕ್ಕೆ ಐದು ಲೋಟ ಸಿಹಿ ಚಾ ಮಾತ್ರ ಬಿಡಲಿಲ್ಲ.

ಕಳೆದ ದೀಪಾವಳಿ ಮುಗಿದ ವಾರ ಮೀನಿನ ಮುಳ್ಳೊಂದು ಅವಳ ಬಲಗಾಲಿನ ಅಡಿಗೆ ಹೊಕ್ಕಿತು. ನೋವಾದರೆ ತಾನೇ ಗೊತ್ತಾಗುವುದು? ವನಜಳಿಗೆ ಗೊತ್ತೇ ಆಗಲಿಲ್ಲ. ಒಳಗೊಳಗೇ ಕೀವು ತುಂಬಿ ಮನೆಯಲ್ಲಿ ಕೆಟ್ಟ ವಾಸನೆ ಶುರುವಾಯಿತು. ಮೀನು ಮಾರುವವರ ಮನೆಯಲ್ಲಿ ವಾಸನೆಯನ್ನು ಯಾರು ವಿಚಾರಿಸುತ್ತಾರೆ? ಬೋಟಿಗೆ ಹೋಗುವ ಗಂಡ ಬಚ್ಚ ಬುಟ್ಟಿ, ಬಾಕ್ಸು, ಕತ್ತಿಗಳನ್ನು ಎರಡೆರಡು ಸಲ ತೊಳೆದ. ಹೆಂಡತಿಯ ಕಾಲೊಂದನ್ನು ಬಿಟ್ಟು ಎಲ್ಲವನ್ನೂ ತೊಳೆದ.

ಒಂಬತ್ತನೇ ದಿನ ಮಗಳು ಚಂದನಾ ನೆಲ ಒರೆಸುವಾಗ, ಅಮ್ಮ ನಡೆದಲ್ಲೆಲ್ಲ ಕಲೆ ಕಂಡಳು. "ಅಮ್ಮ, ಕಾಲ್ ಎತ್ತ್ ಕಾಂಬ" ಅಂದಳು. ಎತ್ತಿದ ಕಾಲಿನ ಅಡಿ ಕಪ್ಪಾಗಿ ಕೀವು ಸೋರುತ್ತಿತ್ತು; ಒರೆಸುವ ಬಟ್ಟೆ ಅಲ್ಲೇ ಬಿಟ್ಟು ರಿಕ್ಷಾ ಕರೆಯಲು ಓಡಿದಳು.

ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು. ಹತ್ತು ದಿನ ಬಿಟ್ಟು ಮೊಣಕಾಲಿನ ಕೆಳಗೆ ಪೂರ್ತಿ ತೆಗೆದರು.

"ಐಸಿಂದ ಹೀಂಗೂ ಆತ್ತಾ ಡಾಕ್ಟ್ರೆ?" ಎಂದು ಆಗಲೂ ವನಜ ಕೇಳಿದಳು.

"ಐಸಲ್ಲಮ್ಮ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೆಡಿಸಿದೆ, ಅದಕ್ಕೇ ಮುಳ್ಳು ಚುಚ್ಚಿದ್ದೂ ಗೊತ್ತಾಗಲಿಲ್ಲ. ಗುಳಿಗೆ ಬಿಡದೆ, ದಿನಾ ಕಾಲು ನೋಡಿಕೊಂಡಿದ್ದರೆ ಈ ಕಾಲು ಬಹುಶಃ ಉಳಿಯುತ್ತಿತ್ತು" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಸರಸ ನೋಡಲು ಬಂದಳು. ವನಜ ಅವಳ ಮೇಲೆ ಹರಿಹಾಯ್ದಳು. "ಈಗ್ಳ್ ಎಂತ ಕಾಂಬುಕೆ ಬಂದದ್ದ್? ಗುಳಿಗಿ ಬಿಟ್ಟ ಅವತ್ತೇ ಕೈ ಹಿಡ್ದ್ ಆಸ್ಪತ್ರಿಗೆ ಎಳ್ಕಂಡ್ ಹೋಪುಕೆ ಎಂತ ಆಯಿತ್ತ್ ನಿಂಗೆ?"

"ಆರ್ ಸಲ ಬಂದಿದ್ದೆ ವನಜಕ್ಕ. ಕಡಿ ಸಲ ನೀನ್ ಬಾಗಿಲೇ ತೆಗಿಲಿಲ್ಲ."

ವನಜ ಗೋಡೆಯ ಕಡೆ ತಿರುಗಿ ಅತ್ತಳು. ಬೇರೆ ಯಾರ ಮೇಲೂ ಹಾಕಲಾಗದ ತಪ್ಪು ಅದು, ಅದೇ ಅವಳಿಗೆ ಸಹಿಸಲಾಗಲಿಲ್ಲ.

ಬಚ್ಚ ಸಮಾಧಾನ ಮಾಡಲು ಹೋದ. "ಅವ್ಳದ್ದೊಂದೇ ತಪ್ಪಲ್ಲ ಸರಸ. ಐಸ್ ಅಂದ್ರೆ ಹಾಂಗೇ. ಬೋಟಿಗೆ ಐಸ್ ತುಂಬಿ ತುಂಬಿ ನನ್ ಕಾಲೂ ಒಂದ್ ವರ್ಷದಿಂದ ಜೋಮ್..." ಅಂದವನು ಅಲ್ಲೇ ನಿಲ್ಲಿಸಿದ. ವನಜ ಗೋಡೆ ಬಿಟ್ಟು ಅವನ ಕಾಲಿನ ಕಡೆ ತಿರುಗಿದಳು.

ವನಜ ಕಣ್ಣೊರೆಸಿಕೊಂಡಳು. "ಹ್ವಾಯ್, ಅಂಗಿ ಹಾಕ್ಕಣಿ. ಸರಸ, ಇವ್ರನ್ನ ಈಗ್ಳೇ ಆಸ್ಪತ್ರಿಗೆ ಕರ್ಕಂಡ್ ಹೋಗ್. ನಂಗೆ ನಡ್ಕಂಡ್ ಬಪ್ಪುಕಾತಿಲ್ಲ."

ಬಚ್ಚನಿಗೂ ಸಕ್ಕರೆ ಕಾಯಿಲೆ ಇತ್ತು. ಈಗ ಅವನು ಗುಳಿಗೆ ತಪ್ಪಿಸುವುದಿಲ್ಲ. ಬೀಡಿ ಬಿಟ್ಟಿದ್ದಾನೆ. ದಡದಲ್ಲಿದ್ದ ದಿನ ಸಂಜೆ ಚಂದನಾಳ ಜೊತೆ ನಡೆದು ಬರುತ್ತಾನೆ. ಆ ಮನೆಯ ಚಾಯಕ್ಕೆ ಸಕ್ಕರೆ ಬೀಳುವುದಿಲ್ಲ. ಅವನು ಕಾಲು ತೊಳೆದು ಬಂದರೆ ವನಜ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದು ಬಿಡಿಸಿ ನೋಡುತ್ತಾಳೆ. "ಸರಿ ಇತ್ತ್, ಏಳಿ" ಅನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ವನಜಳಿಗೆ ಬುದ್ಧಿ ಬಂತು, ಕಾಲು ಬರಲಿಲ್ಲ. ಮೂವತ್ತು ದಾಟಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ಬಿ.ಪಿ. ನೋಡಿಸಿಕೊಳ್ಳಿ. ಡಾಕ್ಟರು ಹೇಳದೆ ಗುಳಿಗೆ ಬಿಡಬೇಡಿ. ಕಾಲು ಜೋಮು ಹಿಡಿದರೆ ಐಸು, ಗದ್ದೆ, ವಯಸ್ಸು ಎಂದು ಸಿಕ್ಕಿದ್ದರ ಮೇಲೆ ಹಾಕಬೇಡಿ. ಈ ಕಾಗದ ಕೆಳಗಿಟ್ಟು ಈಗಲೇ ನಿಮ್ಮ ಪಾದ ತಿರುಗಿಸಿ ನೋಡಿ. ನಿಮಗಿನ್ನೂ ಎರಡೂ ಇವೆ.