ಮನೆಗೊಂದು ಕೈ, ಡೈರಿಗೊಂದು ಕೈ

ಸಿಂಧುವಿನ ಬಲಗೈ ಡೈರಿಯಲ್ಲಿ ಕೆಲಸ ಮಾಡುತ್ತಿತ್ತು, ಮನೆಯಲ್ಲಿ ಮಾಡುತ್ತಿರಲಿಲ್ಲ. ಇಷ್ಟೇ ಅವಳ ಅಪರಾಧ. ಬೆಳಿಗ್ಗೆ ಆರಕ್ಕೆ ಮಹಿಳಾ ಸಂಘದ ಡೈರಿ ಬಾಗಿಲು ತೆಗೆದು, ನೂರಿಪ್ಪತ್ತು ಮನೆಯ ಹಾಲು ಅಳೆದು, ಒಬ್ಬೊಬ್ಬರ ಹಾಲಿನಿಂದಲೂ ಪುಟ್ಟ ಬಾಟ್ಲಿಗೆ ಸ್ಯಾಂಪಲ್ ಬಗ್ಗಿಸಿ, ಫ್ಯಾಟ್ ನೋಡುವ ಮೆಷಿನ್ನಿಗೆ ಇಟ್ಟು, ಚೀಟಿ ಹರಿದು ಕೊಡುತ್ತಿದ್ದಳು. ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ. ಎಂಟೂವರೆಗೆ ಮನೆಗೆ ಬಂದು ರಾಗಿಹಿಟ್ಟು ಬೇಯುವ ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು ಹಿಟ್ಟಿನ ಕೋಲು ಹಿಡಿದಳೋ, ಮೊಣಕೈಯಿಂದ ಕೆಳಕ್ಕೆ ನಡುಕ ಹತ್ತಿ, ಬೆರಳೆಲ್ಲ ಸಡಿಲಾಗಿ, ಕೋಲು ಕೈಬಿಟ್ಟು ಹೋಗುತ್ತಿತ್ತು. ಅತ್ತೆ ಸುಬ್ಬಲಕ್ಷ್ಮಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಇದನ್ನು ದಿನಾ ನೋಡುತ್ತಿದ್ದಳು.

ಈಗ ನೀವೇ ಹೇಳಿ, ಯಾವ ಅತ್ತೆ ನಂಬುತ್ತಾಳೆ? ಮೂಳೆ ಮುರಿದಿದ್ದರೆ ಪಟ್ಟಿ ಕಟ್ಟಿರುತ್ತದೆ, ಲಕ್ವ ಹೊಡೆದಿದ್ದರೆ ಬಾಯಿ ಸೊಟ್ಟಗಿರುತ್ತದೆ. ಹಾಲಿಗೆ ಬಂದು ಹಿಟ್ಟಿಗೆ ಬಾರದ ಕೈಯನ್ನು ನರಸೀಪುರ ತಾಲ್ಲೂಕಿನಲ್ಲಿ ಯಾರೂ ಕಂಡಿರಲಿಲ್ಲ. ಸೊಸೆ ಸೋಮಾರಿ, ಸೊಸೆ ನಾಟಕದವಳು ಅಂತ ಸುಬ್ಬಲಕ್ಷ್ಮಮ್ಮ ನಲ್ಲಿಯ ಹತ್ತಿರ ಸಾರಿದಳು. ಊರು ತಲೆದೂಗಿತು. ಊರಿಗೇನು, ತಲೆದೂಗುವುದಕ್ಕೆ ಖರ್ಚಿಲ್ಲ.

ಶುರುವಾದದ್ದು ಹೇಗೆಂದು ಮಾತ್ರ ಯಾರೂ ಬಾಯಿಬಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಡೈರಿಯ ಮೆಷಿನ್ನಿನಲ್ಲಿ ಚೀಟಿ ಬರುವ ಪೇಪರ್ ರೋಲ್ ಮುಗಿದಿತ್ತು. ಸಿಂಧು ಮೈದುನ ಮದನ್‌ಗೆ ಫೋನ್ ಮಾಡಿ, ನರಸೀಪುರದಿಂದ ಬರುವಾಗ ಎರಡು ರೋಲ್ ತಂದುಬಿಡು ಅಂದಳು. ಅರ್ಧ ದಾರಿ ಬಂದಿದ್ದ ಹುಡುಗ ಅತ್ತಿಗೆಯ ಮಾತಿಗೆ ಬೈಕು ತಿರುಗಿಸಿದ. ವಾಪಸ್ ಬರುವಾಗ ಕಬ್ಬಿನ ಲಾರಿ ಹೊಡೆಯಿತು. ಇಪ್ಪತ್ನಾಲ್ಕು ವರ್ಷ ಅವನಿಗೆ. ಹನ್ನೊಂದನೆಯ ದಿನ ಎಡೆ ಇಡುವುದಕ್ಕೆ ಸಿಂಧು ಹಿಟ್ಟು ತಿರುವುತ್ತಿದ್ದಳು. ನೆಂಟರೆಲ್ಲ ಕೂತಿದ್ದರು. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

‘ಪೋನ್ ಮಾಡಿ ಕೊಂದ ಕೈಲೇ ಎಡೆಗೆ ಹಿಟ್ಟು ತಿರುವ್ತಾವ್ಳೆ, ನೋಡ್ರಪ್ಪ.’

ಕೋಲು ಅವತ್ತು ಮೊದಲ ಸಲ ಬಿತ್ತು.

ಒಂದು ವರ್ಷ ತೈಲ, ಇನ್ನೊಂದು ವರ್ಷ ತಾಯತ. ಆಮೇಲೆ ಅವಳ ಅಣ್ಣ ಸಿದ್ದು, ನಂಜನಗೂಡಿನವನು, ಇವರನ್ನು ನೆಚ್ಚಿಕೊಂಡರೆ ಆಗದು ಅಂತ ತಾನೇ ಬಂದು ಕರೆದುಕೊಂಡು ಹೋದ. ನಂಜನಗೂಡಿಗೆ ವಾರಕ್ಕೊಂದು ದಿನ ಮೈಸೂರಿನಿಂದ ನರದ ಡಾಕ್ಟರಮ್ಮ ಬರುತ್ತಿದ್ದಳು. ಗಂಡ ಕಾಂತರಾಜುವೂ ಜೊತೆಗೆ ಹೋದ, ಹೋಗದಿದ್ದರೆ ಬಾಮೈದನ ಬಾಯಿಗೆ ಬೀಳಬೇಕಲ್ಲ ಅಂತ. ಡಾಕ್ಟರಮ್ಮ ಸ್ಕ್ಯಾನ್ ನೋಡಿದಳು. ಬಲಗೈ ಚಾಚಿಸಿದಳು, ಅದು ಗಡಗಡ ನಡುಗಿತು. ತಾನು ಕುಟ್ಟಿದ ತಾಳಕ್ಕೆ ಸರಿಯಾಗಿ ಎಡಗೈ ಬೆರಳಿಂದ ಮೇಜು ಕುಟ್ಟು ಅಂದಳು. ಸಿಂಧು ತಾಳದ ಮೇಲೆ ಗಮನವಿಟ್ಟಳು, ಬಲಗೈ ತೆಪ್ಪಗೆ ನಿಂತಿತು.

ಇದಕ್ಕೆ ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್ ಅನ್ನುತ್ತಾರೆ ಅಂತ ಡಾಕ್ಟರಮ್ಮ ಹೇಳಿದಳು. ನರ ಕೆಟ್ಟಿಲ್ಲ, ಮಿದುಳೂ ಕೆಟ್ಟಿಲ್ಲ, ಆದರೆ ಮಿದುಳಿನ ಮಾತು ಕೈಗೆ ಸರಿಯಾಗಿ ಮುಟ್ಟುತ್ತಿಲ್ಲ. ಮನಸ್ಸಿಗೆ ಬಿದ್ದ ಏಟಿನಿಂದ ಹೀಗಾಗುವುದುಂಟು. ಆ ಕೈಯ ಮೇಲೇ ಗಮನ ಇದ್ದರೆ ಹೆಚ್ಚುತ್ತದೆ, ಮರೆತರೆ ಇಳಿಯುತ್ತದೆ. ಬಂದು ಹೋಗಿ ಮಾಡುವುದೇ ಈ ಕಾಯಿಲೆಯ ಗುರುತು. ಬೇಕು ಅಂತ ಮಾಡುತ್ತಿಲ್ಲ, ವ್ಯಾಯಾಮ ಇದೆ, ಮಾತಾಡಿ ಹಗುರಾಗಬೇಕು, ನಿಧಾನಕ್ಕೆ ಸರಿಹೋಗುತ್ತದೆ. ಇದನ್ನೆಲ್ಲ ಕಾಂತರಾಜು ಪಕ್ಕದ ಕುರ್ಚಿಯಲ್ಲೇ ಕೂತು ಕೇಳಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ನಾಟಕ ಅಲ್ಲ ಅಂದರಲ್ಲ ಅಂತ ಸಿಂಧು ಅಲ್ಲೇ ಅತ್ತಳು.

ಮನೆಗೆ ಬಂದಾಗ ತಾಯಿ ಕೇಳಿದಳು, ಏನಂತೆ? ಕಾಂತರಾಜು ಚಪ್ಪಲಿ ಬಿಡುತ್ತ ಹೇಳಿದ್ದು ಎರಡೇ ಮಾತು: ‘ಸ್ಕ್ಯಾನ್ ನಾರ್ಮಲ್.’

ಹಾಳಾದವನು, ಇನ್ನೊಂದು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ತಾಯಿಯ ಮುಖ ನೋಡಿದ, ಕೈಕಾಲು ತೊಳೆಯಲು ಹೋದ. ಸಿಂಧುವಿಗೆ ಅತ್ತೆಗಿಂತ ಅವನ ಮೇಲೆ ಹೆಚ್ಚು ಹೇಸಿಗೆಯಾಯಿತು. ಅವತ್ತಿನಿಂದ ಸುಬ್ಬಲಕ್ಷ್ಮಮ್ಮನ ಬಾಯಿಗೆ ಆ ಇಂಗ್ಲಿಷ್ ಪದವೂ ಸಿಕ್ಕಿತು. ಕೋಲು ಬಿದ್ದಾಗಲೆಲ್ಲ ‘ನಾರ್ಮಲ್ಲು, ನಾರ್ಮಲ್ಲು’ ಅನ್ನುವಳು.

ಇಷ್ಟರಲ್ಲಿ ಸುಮ್ಮನಾಗಿದ್ದರೆ ಅವಳು ಸುಬ್ಬಲಕ್ಷ್ಮಮ್ಮ ಯಾಕಾಗುತ್ತಿದ್ದಳು? ಮಗನನ್ನು ತಿಂದ ಡೈರಿಯಲ್ಲಿ ಸೊಸೆ ಸೆಕ್ರೆಟರಿಯಾಗಿ ಕುರ್ಚಿ ಹಾಕಿಕೊಂಡು ಕೂರುವುದು ಅವಳ ಕಣ್ಣಿಗೆ ಮುಳ್ಳಾಗಿತ್ತು. ಅವಳೂ ಸಂಘದ ನಿರ್ದೇಶಕಿ. ಅಧ್ಯಕ್ಷೆ ಗೋವಿಂದಮ್ಮನಿಗೆ ಒಂದು ಅರ್ಜಿ ಬರೆಸಿ ಕೊಟ್ಟಳು: ಕಾರ್ಯದರ್ಶಿಗೆ ಕೈ ನಡುಗುವ ಕಾಯಿಲೆ ಇದೆ, ಸ್ಯಾಂಪಲ್ ಕೆಡುತ್ತದೆ, ಅವಳನ್ನು ಬಿಡಿಸಿ ಬೇರೆಯವರನ್ನು ನೇಮಿಸಬೇಕು. ಗೋವಿಂದಮ್ಮನ ಸೊಸೆ ಬಿಂದುಶ್ರೀ ಕಂಪ್ಯೂಟರ್ ಕಲಿತು ಮನೆಯಲ್ಲೇ ಕೂತಿದ್ದಳು. ಅರ್ಜಿ ಬೇಗನೇ ಸಭೆಗೆ ಬಂತು.

ಡೈರಿ ಹೋದರೆ ಸಿಂಧುವಿಗೆ ಉಳಿಯುವುದು ಆ ಅಡುಗೆಮನೆ ಒಂದೇ. ಬೆಳಿಗ್ಗೆ ಎರಡೂವರೆ ಗಂಟೆ ಅವಳ ಕೈ ಅವಳದಾಗಿರುತ್ತಿತ್ತು. ಅದನ್ನೂ ಕಿತ್ತುಕೊಂಡರೆ ಕೈ ಪೂರ್ತಿ ಸತ್ತೇಹೋಗುತ್ತದೆ ಅಂತ ಅವಳಿಗೆ ಭಯವಿತ್ತು.

ಶನಿವಾರ ಹನ್ನೊಂದಕ್ಕೆ, ಹಾಲಿನ ಲಾರಿ ಹೋದ ಮೇಲೆ, ಒಂಬತ್ತು ಜನ ನಿರ್ದೇಶಕಿಯರು ಡೈರಿಯಲ್ಲಿ ಕೂತರು. ಸಭೆಯ ನಡಾವಳಿ ಪುಸ್ತಕ ಬರೆಯುವುದು ಸೆಕ್ರೆಟರಿಯ ಕೆಲಸ. ಅಂದರೆ ತನ್ನನ್ನು ತೆಗೆಯುವ ಸಭೆಯ ನಡಾವಳಿಯನ್ನು ಸಿಂಧುವೇ ಬರೆಯಬೇಕಿತ್ತು. ಅವಳು ಪೆನ್ನು ಬಿಚ್ಚುವ ಮೊದಲು ಅತ್ತೆಯ ಕಡೆ ತಿರುಗಿದಳು.

‘ಮನೇಲಿ ನಾಟ್ಕ ಅಂತೀರಿ, ಇಲ್ಲಿ ಕಾಯ್ಲೆ ಅಂತೀರಿ. ಯಾವ್ದಾರ ಒಂದು ಇಟ್ಕಳಿ ಅತ್ತೆ.’

ಒಂದಿಬ್ಬರು ಸೆರಗು ಬಾಯಿಗಿಟ್ಟು ನಕ್ಕರು. ಗೋವಿಂದಮ್ಮ ನಗಲಿಲ್ಲ. ಮಾತು ಬೇಡ, ಎಲ್ಲರ ಮುಂದೆ ಹತ್ತು ಬಾಟ್ಲಿ ತುಂಬಿ ತೋರಿಸಲಿ, ಚೆಲ್ಲದಿದ್ದರೆ ಕೆಲಸದಲ್ಲಿರಲಿ, ಚೆಲ್ಲಿದರೆ ಬೀಗದ ಕೈ ಕೊಟ್ಟು ಹೋಗಲಿ ಅಂದಳು. ಚಿಲ್ಲರೆ ಮಾರಾಟಕ್ಕೆ ಉಳಿಸಿದ ಹಾಲಿನ ಪಾತ್ರೆ ಮುಂದಕ್ಕೆ ಬಂತು. ಹದಿನೆಂಟು ಕಣ್ಣು ಆ ಒಂದು ಕೈಯ ಮೇಲೆ. ಕೈಯನ್ನು ಕೆಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ.

ಸೌಟು ಹಿಡಿದ ತಕ್ಷಣ ನಡುಕ ಬಂತು. ಎಡಗೈಯಿಂದ ತಾಳ ಕುಟ್ಟೋಣವೆಂದರೆ ಆ ಕೈಯಲ್ಲಿ ಬಾಟ್ಲಿ. ಮೊದಲನೆಯದು ಅರ್ಧ ತುಂಬಿತು, ಅರ್ಧ ಮೇಜಿನ ಮೇಲೆ ಹರಿಯಿತು. ಎರಡನೆಯದು ಉರುಳಿತು. ಹಾಲು ಮೇಜಿನ ಅಂಚಿನಿಂದ ನೆಲಕ್ಕೆ ಸೋರತೊಡಗಿತು. ಸುಬ್ಬಲಕ್ಷ್ಮಮ್ಮ ಅದನ್ನೇ ನೋಡುತ್ತಿದ್ದಳು. ಬೈಯುವ ದನಿಯಲ್ಲ, ತನಗೇ ಹೇಳಿಕೊಳ್ಳುವ ದನಿಯಲ್ಲಿ ಅಂದಳು:

‘ನನ್ ಮಗನ ರಕ್ತಾನೂ ರೋಡಲ್ಲಿ ಇಂಗೇ ಅರ್ದೋಯ್ತು ಕಣ್ರವ್ವ.’

ಸಿಂಧುವಿನ ಎದೆಯೊಳಗೆ ಎರಡು ವರ್ಷದಿಂದ ಅದುಮಿಟ್ಟದ್ದು ಕಿತ್ತುಕೊಂಡು ಬಂತು. ತಾನು ಪೇಪರ್ ರೋಲ್ ತಾ ಅಂದದ್ದು ನಿಜ, ಲಾರಿಯನ್ನು ತಾನು ಕರೆಯಲಿಲ್ಲ ಅಂದಳು. ಮದನ್ ಊಟಕ್ಕೆ ಕೂತರೆ ಮೊದಲ ಮುದ್ದೆ ಬಡಿಸುತ್ತಿದ್ದದ್ದು ಯಾರು, ಜ್ವರ ಬಂದಾಗ ಬನ್ನೂರಿನ ತನಕ ಹೋಗಿ ಮಾತ್ರೆ ತಂದದ್ದು ಯಾರು ಅಂತ ಕೇಳಿದಳು. ಹೆಣ ಬಂದ ದಿನ ಊರೆಲ್ಲ ನಿಮ್ಮನ್ನು ತಬ್ಬಿಕೊಂಡು ಅತ್ತಿತು, ನನ್ನ ಅಳು ಯಾರಿಗೂ ಬೇಕಾಗಲಿಲ್ಲ, ನನ್ನ ಕೈಗೆ ನೀವು ಕೊಟ್ಟದ್ದು ಹಿಟ್ಟಿನ ಕೋಲು ಅಂದಳು. ನಿಮ್ಮ ಮಗ ಸತ್ತ, ಸಂಕಟ ನಿಮ್ಮದು, ಅದಕ್ಕೆ ಅಂತ ದಿನಾ ಎರಡು ಹೊತ್ತು ನನ್ನ ಕೈಗೆ ಕೊಲೆ ಹೊರಿಸುತ್ತೀರಲ್ಲ, ನಿಮ್ಮನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ ಅತ್ತೆ, ಅದನ್ನೂ ಇವತ್ತು ಕೇಳಿಸಿಕೊಳ್ಳಿ ಅಂದಳು. ಒಂದೇ ಉಸಿರಿಗೆ ಅಂದಳು, ಕಣ್ಣು ಅತ್ತೆಯ ಮುಖ ಬಿಟ್ಟು ಕದಲಲಿಲ್ಲ.

ಮಾತು ಮುಗಿದಾಗ ಎಲ್ಲರೂ ಮೇಜು ನೋಡುತ್ತಿದ್ದರು. ಸಿಂಧುವೂ ನೋಡಿದಳು. ಮೊದಲು ಚೆಲ್ಲಿದ್ದ ಎರಡೂ ಸೇರಿ ಹತ್ತು ಬಾಟ್ಲಿಯೂ ಕತ್ತಿನ ತನಕ ತುಂಬಿ ಸಾಲಾಗಿ ನಿಂತಿದ್ದವು. ಆರು ವರ್ಷದ ಅಭ್ಯಾಸ, ಬಾಯಿ ಜಗಳಕ್ಕೆ ಹೋಗಿದ್ದಾಗ ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು.

ಡಾಕ್ಟರಮ್ಮ ಇದ್ದಿದ್ದರೆ ಇದೇ ನೋಡಿ ಕಾಯಿಲೆ ಅನ್ನುತ್ತಿದ್ದಳು. ಇಲ್ಲಿದ್ದವರು ಅನ್ನುತ್ತಾರೆಯೇ? ಕೈ ಸರಿಯಾಗೇ ಇದೆಯಲ್ಲ, ಮೊದಲೆರಡು ಚೆಲ್ಲಿದ್ದೂ ನಾಟಕವೇ ಅಂತ ಗುಸುಗುಸು ಎದ್ದಿತು. ಸುಬ್ಬಲಕ್ಷ್ಮಮ್ಮ ಕಣ್ಣೊರೆಸಿಕೊಂಡು, ನೆಟ್ಟಗೆ ಕೂತು, ಇಷ್ಟು ದಿನ ನಾಟಕ ಅಂದದ್ದು ಸುಳ್ಳಾಯಿತಾ ಅಂತ ಎಲ್ಲರ ಮುಖವನ್ನೂ ನೋಡಿದಳು. ಅರ್ಜಿ ಬಿದ್ದುಹೋದದ್ದಕ್ಕೆ ಅವಳಿಗೇನೂ ಬೇಸರವಿದ್ದ ಹಾಗಿರಲಿಲ್ಲ.

ಗೋವಿಂದಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಠರಾವು ಹೇಳಿದಳು: ಕಾರ್ಯದರ್ಶಿಯ ಕೈಗೆ ಯಾವ ಕಾಯಿಲೆಯೂ ಇಲ್ಲವೆಂದು ಪರೀಕ್ಷಿಸಿ ತಿಳಿದಿದ್ದು, ಅವರನ್ನೇ ಮುಂದುವರಿಸಲಾಗಿದೆ. ಬರ್ಕೊ ಅಂದಳು.

ಸಿಂಧು ಪೆನ್ನು ಹಿಡಿದಳು. ಆ ಒಂದು ಸಾಲು ಬರೆದರೆ ಡೈರಿ ಅವಳದು. ಆದರೆ ಅದನ್ನು ಬರೆದ ಮೇಲೆ ಯಾವ ಬಾಯಿಯಲ್ಲಿ ಕಾಯಿಲೆ ಅನ್ನುವುದು? ಒಂಬತ್ತು ಜನರ ಸಹಿ ಹಾಕಿಸಿ, ತಾನು ನಾಟಕದವಳು ಅಂತ ತಾನೇ ಬರೆದುಕೊಟ್ಟ ಹಾಗೆ. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು, ಕೈ ಮತ್ತೆ ನಡುಗುತ್ತಿತ್ತು. ಅವಳು ನಡುಕದಲ್ಲೇ ಬರೆದಳು. ಅಕ್ಷರ ಸೊಟ್ಟಸೊಟ್ಟಗೆ ಬಂದವು, ಎರಡು ಸಾಲಿಗೆ ಅರ್ಧ ಪುಟ ಹಿಡಿಯಿತು. ಗೋವಿಂದಮ್ಮ ಪುಸ್ತಕ ಎಳೆದುಕೊಂಡು ಓದಿದಳು.

‘ಕಾರ್ಯದರ್ಶಿಗೆ ಕೈಯ ಕಾಯಿಲೆ ಇದೆ. ಡೈರಿಯ ಕೆಲಸ ಸರಿಯಾಗಿ ಮಾಡುತ್ತಾರೆ.’

ನಾನು ಹೇಳಿದ್ದು ಇದಲ್ಲವಲ್ಲ ಅಂದಳು ಗೋವಿಂದಮ್ಮ. ನಿಜ ಇದು ಅಂದಳು ಸಿಂಧು. ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು, ಬೇಡವಾದರೆ ಬಿಂದುಶ್ರೀಗೆ ಕೊಡಿ, ನಾಳೆ ಆರಕ್ಕೆ ನೂರಿಪ್ಪತ್ತು ಮನೆಯ ಹಾಲು ಬರುತ್ತದೆ ಅಂದಳು. ಬಿಂದುಶ್ರೀ ಎಂಟರ ಮೊದಲು ಎದ್ದದ್ದನ್ನು ಗೋವಿಂದಮ್ಮ ಕಂಡಿರಲಿಲ್ಲ. ಅವಳು ಸಹಿ ಹಾಕಿದಳು. ಪುಸ್ತಕ ಕೈಯಿಂದ ಕೈಗೆ ಹೋಯಿತು, ಎಂಟು ಸಹಿ ಬಿದ್ದವು.

ಸುಬ್ಬಲಕ್ಷ್ಮಮ್ಮ ಪುಸ್ತಕವನ್ನು ಮುಟ್ಟಲಿಲ್ಲ. ಎದ್ದು ಸೆರಗು ಕೊಡವಿಕೊಂಡು, ಹೊತ್ತಾಯಿತು, ಮನೆಗೆ ಬಂದು ಹಿಟ್ಟು ತಿರುವು, ನೋಡೇಬಿಡುತ್ತೀನಿ ಅಂದಳು.

‘ತಿರುವಲ್ಲ ಅತ್ತೆ,’ ಅಂದಳು ಸಿಂಧು, ಮೇಜಿನ ಹಾಲು ಒರೆಸುತ್ತ. ‘ಇವತ್ತೂ ತಿರುವಲ್ಲ, ನಾಳೆನೂ ತಿರುವಲ್ಲ. ನಿಮ್ ಮಗ ಕಾಂತರಾಜುಗೆ ಎರಡು ಕೈಯೂ ನಾರ್ಮಲ್ಲಾಗವೆ, ಅವ್ರಿಗೇಳಿ.’